ಶಿರಾ ದಾಟಿದ ಮೇಲೆ ಏನಿದೆ?

ರಾಷ್ಟ್ರೀಯ ಹೆದ್ದಾರಿ 69 ಹೊನ್ನಾವರದಲ್ಲಿ ಶುರುವಾಗುತ್ತದೆ. ಗೇರುಸೊಪ್ಪೆಯ ಘಾಟಿ ಹತ್ತಿ ಸಾಗರ, ಶಿವಮೊಗ್ಗ, ಕಡೂರು, ಬಾಣಾವರ, ಹುಳಿಯಾರು, ಶಿರಾ, ಮಧುಗಿರಿಗಳನ್ನು ಮುಟ್ಟುತ್ತದೆ. ಅಲ್ಲಿಂದ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಹಾಯ್ದು ಗಡಿ ದಾಟಿ ಚಿತ್ತೂರಿನ ಕಡೆಗೆ ಹೊರಟುಹೋಗುತ್ತದೆ. ಕಡಲಿನ ಅಂಚಿನಿಂದ ಆಂಧ್ರದ ಗಡಿಯವರೆಗೆ ರಾಜ್ಯವನ್ನು ಅಡ್ಡಕ್ಕೆ ಅಳೆಯುವ ದಾರಿ ಇದು. ಕಳೆದ ಜನವರಿಯಲ್ಲಿ ನಾನೂ ನನ್ನ ಹಾಸ್ಟೆಲ್ ಕಾಲದ ಗೆಳೆಯನೂ ಅವನ ಹಳೇ ಕಾರಿನಲ್ಲಿ ಈ ದಾರಿ ಹಿಡಿದೆವು. ಅವನು ಹೊನ್ನಾವರದವನು, ನಾನು ಚಿಂತಾಮಣಿಯವನು. ಅವನ ಮನೆಯಿಂದ ನನ್ನ ಮನೆಗೆ ಒಂದೇ ರಸ್ತೆ ಇದೆ ಎಂಬುದು ಇಬ್ಬರಿಗೂ ಅಷ್ಟು ವರ್ಷ ಹೊಳೆದೇ ಇರಲಿಲ್ಲ. ನಕಾಶೆ ನೋಡುತ್ತಾ ಕೂತ ಒಂದು ಸಂಜೆ ಗೊತ್ತಾಗಿ, ಹೊರಟುಬಿಟ್ಟೆವು.

ಗೆಳೆಯ ಒಳ್ಳೆಯ ಫೋಟೋ ತೆಗೆಯುತ್ತಾನೆ, ಪ್ರವಾಸದ ಬರಹಗಳನ್ನೂ ಬರೆಯುತ್ತಾನೆ. ಶರಾವತಿಯ ಸೇತುವೆಯ ಮೇಲೆ ಕಾರು ನಿಲ್ಲಿಸಿದ. ಘಾಟಿಯಲ್ಲಿ ನಾಲ್ಕು ಕಡೆ ನಿಲ್ಲಿಸಿದ. ಆನಂದಪುರದ ಹತ್ತಿರ ಒಂದು ಕೆರೆ, ತರೀಕೆರೆಯ ಹತ್ತಿರ ಒಂದು ಅಡಿಕೆ ತೋಟ, ಹುಳಿಯಾರಿನ ತೆಂಗಿನ ಸಾಲು. ಶಿರಾ ಬರುವ ಹೊತ್ತಿಗೆ ಫೋನಿನಲ್ಲಿ ಮುನ್ನೂರರಷ್ಟು ಚಿತ್ರಗಳಿದ್ದವು. ಮಧುಗಿರಿಯ ಏಕಶಿಲಾ ಬೆಟ್ಟದ ಎದುರು ಕೊನೆಯದೊಂದು ತೆಗೆದು ಫೋನನ್ನು ಚಾರ್ಜಿಗೆ ಹಾಕಿ, ಸೀಟು ಹಿಂದಕ್ಕೆ ಸರಿಸಿಕೊಂಡು, ‘ಇನ್ನು ನೀನು ಓಡ್ಸು. ಮುಂದೆ ಎಂತ ಇದ್ಯೋ ಮಾರಾಯ, ಬರೀ ಬಯಲು’ ಎಂದು ಕಣ್ಣು ಮುಚ್ಚಿದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅವನಿಗೆ ಆ ಕಣ್ಣು ಕೊಟ್ಟ ನಮ್ಮ ಬರವಣಿಗೆಯ ಮೇಲೆ. ಒಂದೇ ಸಂಖ್ಯೆಯ, ಒಂದೇ ಡಾಂಬರಿನ ರಸ್ತೆ. ಅದರ ಪಡುವಣ ಅರ್ಧ ಸಾಹಿತ್ಯ, ಮೂಡಣ ಅರ್ಧ ಬರೀ ಕಿಲೋಮೀಟರು. ಕನ್ನಡದಲ್ಲಿ ‘ದಾರಿ’ ಎಂದು ಬರೆದರೆ ಓದುಗನ ಕಣ್ಣಿಗೆ ಏನು ಬರುತ್ತದೆ? ತಿರುವು, ಮಂಜು, ಹಸಿರು, ಹಂಚಿನ ಮನೆ, ಜಡಿಮಳೆ. ಪತ್ರಿಕೆಗಳ ಮಳೆಗಾಲದ ವಿಶೇಷಾಂಕಗಳನ್ನು ತೆಗೆದು ನೋಡಿ. ಆಗುಂಬೆಯಲ್ಲಿ ಬೀಳುವ ಮಳೆಯ ಹತ್ತನೇ ಒಂದು ಪಾಲು ಚಿಂತಾಮಣಿಯಲ್ಲಿ ಬೀಳುತ್ತದೆ. ಬರವಣಿಗೆಯಲ್ಲಿ ಆ ಒಂದು ಪಾಲೂ ನಮಗೆ ಸಿಕ್ಕಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ನನ್ನ ಮೊದಲ ಪದ್ಯ ಮಲೆನಾಡಿನ ಮಳೆಯ ಬಗ್ಗೆ ಇತ್ತು. ಅದರಲ್ಲಿ ಕಂಬಳಿಕೊಪ್ಪೆ ಇತ್ತು, ಜೀರುಂಡೆ ಇತ್ತು, ಒದ್ದೆ ಕಟ್ಟಿಗೆಯ ಹೊಗೆ ಇತ್ತು. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೊಡ್ಡ ಮಳೆ ಎಂದರೆ ಚಿಂತಾಮಣಿ ಬಸ್ ನಿಲ್ದಾಣದ ಮುಂದೆ ಮುಕ್ಕಾಲು ಗಂಟೆ ಸುರಿದು ಟೊಮೆಟೊ ಕ್ರೇಟುಗಳನ್ನು ಚರಂಡಿಗೆ ತೇಲಿಸಿದ್ದು. ಅದನ್ನು ಬರೆಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಓದಿದ್ದ ಪುಸ್ತಕಗಳೂ ಹೇಳಿರಲಿಲ್ಲ. ಪದ್ಯಕ್ಕೆ ಬಹುಮಾನ ಬಂತು.

ಇದು ನನ್ನೊಬ್ಬನ ಕಥೆಯೂ ಅಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ, ಭೂವಿಜ್ಞಾನ ಓದಿದ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನು ನಾಡು ಪ್ರಾರ್ಥನೆಯ ಹಾಗೆ ಹಾಡುತ್ತದೆ. ಅದರ ನೆಲ ಜೋಗ, ತುಂಗೆ, ಸಹ್ಯಾದ್ರಿಯದು. ನಂದಿಬೆಟ್ಟ ಅವರು ಹುಟ್ಟಿದ ಊರಿನಿಂದ ಕೂಗಳತೆಯಲ್ಲಿದೆ. ಕೋಲಾರ ಸೀಮೆಯ ಮಾಸ್ತಿಯವರ ದೊಡ್ಡ ಕಾದಂಬರಿ ಕೊಡಗಿನದು. ಇದು ಅವರ ಮೇಲಿನ ದೂರಲ್ಲ, ಕವಿ ಯಾವ ನೆಲವನ್ನಾದರೂ ಹಾಡಬಹುದು. ಆದರೆ ಚೆಲುವು ಎಂದರೆ ಪಡುವಣಕ್ಕೆ ತಿರುಗುವ ಅಭ್ಯಾಸ ನಮ್ಮ ಸೀಮೆಯವರಿಗೇ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಕೋಟಿಗಾನಹಳ್ಳಿ ರಾಮಯ್ಯನವರಂಥವರು, ಈ ಗಡಿಯ ತೆಲುಗು-ಕನ್ನಡ ಬದುಕನ್ನು ಹಿಡಿದ ಸ. ರಘುನಾಥರಂಥವರು ಇದ್ದಾರೆ. ಅವರನ್ನು ನಾವು ‘ಪ್ರಾದೇಶಿಕ’ ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ಮಲೆನಾಡಿನ ಬರಹಗಾರನನ್ನು ಯಾರೂ ಪ್ರಾದೇಶಿಕ ಎನ್ನುವುದಿಲ್ಲ.

ಗೌರಿಬಿದನೂರಿಗೆ ಮುಂಚೆಯೇ ಗೆಳೆಯನನ್ನು ಎಬ್ಬಿಸಿ, ಹೆದ್ದಾರಿ ಬಿಟ್ಟು ಹಿಂದೂಪುರದ ಕಡೆಗೆ ತಿರುಗಿಸಿದೆ. ಆರೇಳು ಕಿಲೋಮೀಟರಿಗೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಇಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಜನ ಮಾಡಿದ ತಪ್ಪು ಕಾಂಗ್ರೆಸ್ ಬಾವುಟ ಹಾರಿಸಲು ಹೊರಟದ್ದು. ಸತ್ತವರ ಲೆಕ್ಕ ಸರ್ಕಾರದ ಕಾಗದದಲ್ಲಿ ಒಂದು, ಊರಿನ ನೆನಪಿನಲ್ಲಿ ಇನ್ನೊಂದು. ಸ್ಮಾರಕ 32 ಎನ್ನುತ್ತದೆ. ಗಾಬರಿಯಾದ ಸರ್ಕಾರ ಮಾತುಕತೆಗೆ ಇಳಿಯಿತು, ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಯಿತು, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಈ ಊರಿನ ಹೆಸರಿಗೆ ಕಾರಣವಾದ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಈಗ ಕಾಣುವುದು ಸಾಲುಸಾಲು ನಾಗರಕಲ್ಲುಗಳು, ಹರಕೆ ಹೊತ್ತು ಬಂದ ದಂಪತಿಗಳು, ಆಮೇಲೆ ಒಂದು ಕಡೆ ಈ ಸ್ಮಾರಕ. ‘ಇದು ನಂಗೆ ಗೊತ್ತೇ ಇರ್ಲಿಲ್ಲ’ ಎಂದ ಗೆಳೆಯ. ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಅವನು ಅರ್ಧ ಗಂಟೆ ಮಾತಾಡಬಲ್ಲ. ‘ಕರ್ನಾಟಕದ ಜಲಿಯನ್ ವಾಲಾಬಾಗ್’ ಎಂದು ಬಿರುದು ಕೊಟ್ಟು ನಾವು ಸುಮ್ಮನಾಗಿದ್ದೇವೆ. ನಮ್ಮ ಸಾವನ್ನು ಕೂಡ ಬೇರೆ ಊರಿನ ಹೆಸರಿನಿಂದಲೇ ಕರೆಯಬೇಕಾಗಿದೆ.

ಇದೇ ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಒಬ್ಬ ಬಡ ಹುಡುಗ ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದ. ಎಂಬತ್ತು ಕಿಲೋಮೀಟರಿಗೂ ಮೀರಿದ ದಾರಿ. ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯ ಅವರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಹೋರಾಟದ ಹಾದಿ’. ಕನ್ನಡದಲ್ಲಿ ಹಾದಿಯ ಬಗ್ಗೆ ಬರೆಯುವವರು ಆ ನಡಿಗೆಯನ್ನು ಒಂದು ಪ್ರವಾಸ ಎಂದು ಎಣಿಸಿದ್ದನ್ನು ನಾನು ಕಂಡಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಕೊಡಚಾದ್ರಿ ಹತ್ತಿದರೆ ಮಾತ್ರ ಚಾರಣ. ಹೊಟ್ಟೆಗಿಲ್ಲದೆ ಓದಿಗಾಗಿ ನಡೆದರೆ ಅದು ಬರೀ ಬಡತನ.

ಮಂಚೇನಹಳ್ಳಿಯಲ್ಲಿ ಟೀ ಕುಡಿಯಲು ನಿಂತೆವು. ಅಂಗಡಿಯ ಅಕ್ಕ ಗೆಳೆಯನ ಮಾತಿನ ಧಾಟಿ ಕೇಳಿ ‘ಯಾವೂರಣ್ಣ ನಿಮ್ದು?’ ಎಂದರು. ಹೊನ್ನಾವರ, ಸಮುದ್ರದ ಹತ್ತಿರ ಎಂದ. ‘ಹಂಗಾರೆ ನೀರಿಗೇನು ಬರ ಇಲ್ಲ ಬಿಡಿ ನಿಮ್ಗೆ’ ಎಂದು ನಕ್ಕರು. ಆಮೇಲೆ ಒಳಗಿದ್ದ ಮಗಳಿಗೆ ತೆಲುಗಿನಲ್ಲಿ ಸಕ್ಕರೆ ತರಲು ಹೇಳಿದರು. ಗೆಳೆಯ ಕಾರಿಗೆ ಬಂದ ಮೇಲೆ ಕೇಳಿದ, ‘ನಿಮ್ಮಲ್ಲಿ ತೆಲುಗೇ ಅಲ್ದಾ?’

ಈ ಪ್ರಶ್ನೆ ನನಗೆ ಹೊಸದಲ್ಲ, ಬೆಂಗಳೂರಿನ ಪ್ರತಿ ಸಾಹಿತ್ಯ ಕಮ್ಮಟದಲ್ಲೂ ಕೇಳಿಸಿಕೊಂಡಿದ್ದೇನೆ. ಹೌದು, ನಮ್ಮ ಅಜ್ಜಿ ಜೋಗುಳ ಹಾಡಿದ್ದು ತೆಲುಗಿನಲ್ಲಿ, ಬೈದದ್ದು ಎರಡರಲ್ಲೂ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಾ ಹಳ್ಳಿ ಹಳ್ಳಿ ಸುತ್ತಿದ ನಾರೇಯಣ ತಾತಯ್ಯ ಎರಡೂ ಭಾಷೆಗಳಲ್ಲಿ ಹಾಡಿದರು. ದಾರಿಯ ಮನುಷ್ಯ ಎಂದರೆ ಅವರೇ ಅಲ್ಲವೇ? ಹೆಗಲ ಮೇಲೆ ಬಳೆಯ ಮಲಾರ, ಬಾಯಲ್ಲಿ ತತ್ವಪದ. ಕರಾವಳಿಯವನ ಕನ್ನಡದ ಹಿಂದೆ ತುಳುವೋ ಕೊಂಕಣಿಯೋ ಇದ್ದರೆ ಅದನ್ನು ‘ಭಾಷಾ ಸೊಗಡು’ ಎನ್ನುತ್ತೇವೆ. ನನ್ನ ಕನ್ನಡದ ಹಿಂದೆ ತೆಲುಗು ಇದ್ದರೆ ‘ಗಡಿ ಸಮಸ್ಯೆ’ ಎನ್ನುತ್ತೇವೆ. ಈ ತಾರತಮ್ಯ ಮಾಡಿದ್ದು ಯಾವ ಆಯೋಗವೂ ಅಲ್ಲ, ಓದುಗರೂ ಬರೆಯುವವರೂ ಆದ ನಾವೇ.

ಚಿಕ್ಕಬಳ್ಳಾಪುರಕ್ಕೆ ಬಂದಾಗ ಶನಿವಾರದ ಮಧ್ಯಾಹ್ನ. ಬೆಂಗಳೂರಿನ ಕಡೆಯಿಂದ ಬೈಕುಗಳು ಸಾಲುಸಾಲಾಗಿ ಬರುತ್ತಿದ್ದವು. ‘ಇಲ್ಲಿಗೆ ಜನ ಬರ್ತಾರಲ್ಲೋ, ಯಾರೂ ನೋಡೋದಿಲ್ಲ ಅಂತೀಯ’ ಎಂದು ಗೆಳೆಯ ನನ್ನನ್ನು ಹಿಡಿದ. ನ್ಯಾಯವಾದ ಮಾತು. ಬರುತ್ತಾರೆ. ನಂದಿಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಬರುತ್ತಾರೆ, 2023ರ ಜನವರಿಯಲ್ಲಿ ಎದ್ದುನಿಂತ 112 ಅಡಿಯ ಆದಿಯೋಗಿಯ ಮುಂದೆ ಚಿತ್ರ ತೆಗೆಸಿಕೊಳ್ಳಲು ಬರುತ್ತಾರೆ, ವಾರದ ಕೊನೆಗೆಂದು ಕಟ್ಟಿದ ವಿಲ್ಲಾಗಳಿಗೆ ಬರುತ್ತಾರೆ. ಬಂದು, ಬೆಟ್ಟದಿಂದ ಕೆಳಗೆ ನೋಡಿ, ‘ಎಷ್ಟು ಖಾಲಿ ಜಾಗ!’ ಎನ್ನುತ್ತಾರೆ. ನಾನು ಕೇಳಿಸಿಕೊಂಡಿದ್ದೇನೆ. ಅವರು ಖಾಲಿ ಎಂದದ್ದರಲ್ಲಿ ದ್ರಾಕ್ಷಿಯ ಚಪ್ಪರವಿದೆ, ಹೂವಿನ ಹೊಲವಿದೆ, ಹಿಪ್ಪುನೇರಳೆ ಇದೆ, ಗುಂಡುತೋಪು ಇದೆ, ನೀರಿಲ್ಲದ ಕೆರೆಯ ಅಂಗಳವಿದೆ. ಬರೆಯದೆ ಬಿಟ್ಟ ನೆಲ ಬೇಗ ಸೈಟಾಗುತ್ತದೆ. ಇದು ಅಲಂಕಾರದ ಮಾತಲ್ಲ. ಒಂದು ಕೆರೆಗೆ ಕಥೆಯಿದ್ದರೆ ಅದನ್ನು ಮುಚ್ಚುವಾಗ ಹತ್ತು ಜನ ಕೇಳುತ್ತಾರೆ. ಬರೀ ಸರ್ವೆ ನಂಬರಿದ್ದರೆ ಯಾರು ಕೇಳುತ್ತಾರೆ?

ನೀರಿನ ವಿಷಯಕ್ಕೆ ಬಂದೇ ತೀರಬೇಕು. ನನ್ನ ತಕರಾರಿನ ಹೊಟ್ಟೆ ಇರುವುದು ಅಲ್ಲಿಯೇ.

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಇವೆಲ್ಲ ಹುಟ್ಟುವುದು ನಂದಿಯ ಬೆಟ್ಟಸಾಲು ಮತ್ತು ಅದರ ಆಸುಪಾಸಿನಲ್ಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಇಷ್ಟು ನದಿಗಳ ತವರಿನಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ, ಸಾವಿರದ ಐನೂರು ಅಡಿಗೆ ಇಳಿದವು. ಅಷ್ಟು ಆಳದಿಂದ ಬಂದ ನೀರಿನ ಜೊತೆ ಫ್ಲೋರೈಡ್ ಬಂತು. ನನ್ನ ತರಗತಿಯ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ನಾವು ಅದನ್ನು ಹಲ್ಲುಜ್ಜದ ಸೋಮಾರಿತನ ಎಂದುಕೊಂಡು ಅವರನ್ನು ಹಾಸ್ಯ ಮಾಡುತ್ತಿದ್ದೆವು.

ಆಮೇಲೆ ಎತ್ತಿನಹೊಳೆ ಬಂತು. 2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ ಆಯಿತು. ಪಶ್ಚಿಮಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರು ಎತ್ತಿ ಬಯಲುಸೀಮೆಗೆ ಕೊಡುವ ಮಾತು. ಕರಾವಳಿ ಎದ್ದು ನಿಂತಿತು. ನನ್ನ ಗೆಳೆಯ ಆಗ ವಿದ್ಯಾರ್ಥಿ, ನೇತ್ರಾವತಿಯ ಪರವಾಗಿ ಮಂಗಳೂರಿನ ಮೆರವಣಿಗೆಗೆ ಹೋಗಿದ್ದ. ಅವನು ಹೋದದ್ದು ತಪ್ಪಲ್ಲ. ಆ ಯೋಜನೆಯ ನೀರಿನ ಲೆಕ್ಕದ ಬಗ್ಗೆ ನನಗೂ ಅನುಮಾನವಿದೆ, ಕಾಡು ಕಡಿದು ತರುವ ನೀರಿನ ಬಗ್ಗೆ ಸಂಕಟವೂ ಇದೆ. ಹತ್ತು ವರ್ಷ ಕಳೆದು 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪುಗಳು ಚಾಲೂ ಆದವು. ಆದರೆ ಆ ಜಗಳ ನಡೆದ ರೀತಿ ನೋಡಿ. ಒಂದು ಕಡೆ ನದಿಗೆ ಹೆಸರಿತ್ತು, ಪದ್ಯವಿತ್ತು, ನಾಟಕವಿತ್ತು, ತಲೆಮಾರುಗಳ ಗದ್ಯವಿತ್ತು. ನೇತ್ರಾವತಿ ಎಂದರೆ ಧಾರವಾಡದಲ್ಲಿ ಓದುವ ಹುಡುಗಿಗೂ ಕರುಳು ಚುರ್ ಎನ್ನುತ್ತಿತ್ತು. ಇನ್ನೊಂದು ಕಡೆ ಇದ್ದದ್ದು ಟ್ಯಾಂಕರು, ಖಾಲಿ ಕೊಡ, ಟ್ರ್ಯಾಕ್ಟರ್ ರ‍್ಯಾಲಿ, ಬಂದ್‌ನ ಸುದ್ದಿ. ಕನ್ನಡ ಓದುವ ಜಗತ್ತಿಗೆ ನಾವು ಬಾಯಾರಿದವರಾಗಿ ಕಾಣಲಿಲ್ಲ, ಬೇರೆಯವರ ಹೊಳೆಗೆ ಕೈ ಹಾಕುವವರಾಗಿ ಕಂಡೆವು. ವಾದದಲ್ಲಿ ಯಾರು ಸರಿ ಎಂಬುದು ಬೇರೆ ಮಾತು. ಒಬ್ಬರಿಗೆ ಮಾತ್ರ ಭಾಷೆ ಸಿಕ್ಕ ವಾದ ಅದು ಎನ್ನುವುದು ನನ್ನ ಮಾತು.

ನಮಗೆ ಮೊದಲು ಬಂದು ಮುಟ್ಟಿದ ನೀರು ಯಾವುದು ಗೊತ್ತೇ? ಬೆಂಗಳೂರಿನ ಕೊಳಚೆ. ಎರಡು ಹಂತದಲ್ಲಿ ಶುದ್ಧೀಕರಿಸಿದ್ದು. ಕೋಲಾರಕ್ಕೆ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ, ನಮ್ಮ ಜಿಲ್ಲೆಗೆ ಹೆಬ್ಬಾಳ-ನಾಗವಾರ ಕಣಿವೆಯಿಂದ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಕೆಲವೇ ವಾರಗಳಲ್ಲಿ ನೊರೆ ಎದ್ದಿತು, ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ನಮ್ಮವರು ಕೇಳುತ್ತಲೇ ಇದ್ದಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ದಡದಲ್ಲಿ ನಾವಿಬ್ಬರೂ ನಿಂತೆವು. ತುಂಬಿದ ಕೆರೆ, ಸಂಜೆಯ ಬೆಳಕು. ಗೆಳೆಯನ ಕೈ ತಾನಾಗಿ ಫೋನಿಗೆ ಹೋಯಿತು. ಇದು ಯಾವ ನೀರು ಎಂದು ಹೇಳಿದೆ. ಕೈ ಕೆಳಗಿಳಿಸಿದ. ಪಕ್ಕದಲ್ಲಿ ದನ ಹಿಡಿದುಕೊಂಡು ನಿಂತಿದ್ದ ಹಿರಿಯರೊಬ್ಬರು, ‘ಏನಾದ್ರೂ ಆಗ್ಲಿ ಸ್ವಾಮಿ, ಬೋರಲ್ಲಿ ನೀರು ಮೇಲಕ್ಕೆ ಬಂದೈತೆ. ಕೆರೆ ತುಂಬಿದ್ದ ನೋಡಿ ಎಷ್ಟೋ ವರ್ಷ ಆಗಿತ್ತು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕುಡಿಯಾಕೆ ಮಾತ್ರ ಕ್ಯಾನ್ ತರ್ತೀವಿ’ ಎಂದರು. ಕೊಳಚೆಯೇ ಕೃಪೆಯಾದ ಈ ಸ್ಥಿತಿಯನ್ನು ಬರೆಯಲು ಎಂಥ ಕಾದಂಬರಿಕಾರ ಬೇಕು ಯೋಚಿಸಿ. ಬೆಂಗಳೂರು ಸ್ನಾನ ಮಾಡಿ ಬಿಟ್ಟ ನೀರಿನಲ್ಲಿ ಬೆಳೆದ ಸೊಪ್ಪು ಮರಳಿ ಬೆಂಗಳೂರಿಗೇ ಹೋಗುತ್ತದೆ. ಇಷ್ಟು ದೊಡ್ಡ ವಸ್ತು ಕಣ್ಣೆದುರಿಗಿದ್ದರೂ ನಮ್ಮ ಯುವ ಲೇಖಕರು ಇನ್ನೂ ಹೋಂಸ್ಟೇಯಲ್ಲಿ ಕೂತು ಮಂಜಿನ ಬಗ್ಗೆ ಬರೆಯುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು. ಹಳದಿ, ಬಿಳಿ ಗೂಡುಗಳ ಲಾಟುಗಳು ಸಾಲಾಗಿ ಹರಡಿರುತ್ತವೆ. ರೀಲರುಗಳು ಬೊಗಸೆಯಲ್ಲಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಾರೆ. ಮುಂಚೆ ಕೂಗಿ ಹರಾಜು ಮಾಡುತ್ತಿದ್ದರು, ಈಗ ಮೊಬೈಲಿನಲ್ಲಿ ಬಿಡ್ ಹಾಕುತ್ತಾರೆ. ಹೊರಗೆ ಬಂದು ಗಲ್ಲಿಗಳಲ್ಲಿ ನಡೆದರೆ ನೂಲು ಬಿಚ್ಚಾಣಿಕೆಯ ಮನೆಗಳು, ಬೇಯುವ ಹುಳುವಿನ ವಾಸನೆ. ಮೊದಲ ಸಲ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮದುವೆಯಲ್ಲಿ ಉಡುವ ಸೀರೆಗೆ ಈ ವಾಸನೆ ಇರುವುದಿಲ್ಲ.

ಪರಿಚಯದವರ ಬಿಚ್ಚಾಣಿಕೆ ಮನೆಯೊಂದರ ಒಳಗೆ ಹೋದೆವು. ಕುದಿಯುವ ನೀರಿನಿಂದ ಎಳೆ ಹುಡುಕಿ ತೆಗೆಯುವ ಹೆಂಗಸರ ಬೆರಳುಗಳು ಬೆಳ್ಳಗೆ ನೆನೆದು ಸುಕ್ಕುಗಟ್ಟಿದ್ದವು. ಗೆಳೆಯ ಕೇಳಿಯೇ ಫೋನ್ ತೆಗೆದ. ಒಬ್ಬಾಕೆ, ‘ಯಂತ್ರ ತಗೊಳ್ಳಿ ಅಣ್ಣ, ಕೈ ಬೇಡ’ ಎಂದರು. ಮಾಲೀಕರು ಚೀನಾ ರೇಷ್ಮೆಯ ಮಾತು ತೆಗೆದರು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು, ಗೂಡಿನ ಬೆಲೆ ಕುಸಿಯಿತು, ಸಾಲ ಮಾಡಿ ಹುಳುಮನೆ ಕಟ್ಟಿದವರು ಹಿಪ್ಪುನೇರಳೆ ಕಿತ್ತುಹಾಕಿದರು. ಆಮೇಲೆ ಸುಂಕ ಸ್ವಲ್ಪ ಏರಿತು. ಆದರೆ ಆ ವರ್ಷವನ್ನು ಅವರು ಇವತ್ತಿಗೂ ಮನೆಯಲ್ಲಿ ಯಾರೋ ಸತ್ತ ವರ್ಷದ ಹಾಗೆ ನೆನೆಯುತ್ತಾರೆ. ಅಡಿಕೆಯ ಬೆಲೆ ಬಿದ್ದರೆ ಕನ್ನಡದಲ್ಲಿ ಕಥೆ ಹುಟ್ಟುತ್ತದೆ. ಗೂಡಿನ ಬೆಲೆ ಬಿದ್ದರೆ ವಾಣಿಜ್ಯ ಪುಟದಲ್ಲಿ ನಾಲ್ಕು ಸಾಲು.

ನನಗೆ ಎದುರಾಡುವವರು ಹೇಳುವುದು ಗೊತ್ತು: ಬರೆಯಬೇಡಿ ಎಂದು ಯಾರು ತಡೆದಿದ್ದಾರೆ? ನೀವೇ ಬರೆಯಿರಿ. ಸರಿ. ಆದರೆ ಬರೆಯುವವನು ಖಾಲಿ ಕೈಯಲ್ಲಿ ಬರುವುದಿಲ್ಲ, ಓದಿದ್ದನ್ನು ಹೊತ್ತು ಬರುತ್ತಾನೆ. ಮಂಜಿಗೆ ನಮ್ಮಲ್ಲಿ ಹತ್ತು ಶಬ್ದಗಳಿವೆ. ಬಂಡೆಯ ಮೇಲೆ ಬಿಸಿಲು ಏರುವ ಬಗೆಗೆ, ಒಣಗಿದ ಕೆರೆಯಂಗಳದ ಬಿರುಕಿಗೆ, ಸಾವಿರ ಅಡಿ ಕೊರೆದ ಮೇಲೆ ಬರೀ ಧೂಳು ಬಂದಾಗ ರೈತನ ಮನೆಯಲ್ಲಿ ಕವಿಯುವ ಮೌನಕ್ಕೆ ನಮ್ಮ ಪುಸ್ತಕಗಳಲ್ಲಿ ಶಬ್ದ ಕಡಿಮೆ. ಊರಿನ ಬಾಯಲ್ಲಿವೆ. ಕಿವಿ ಕೊಡಬೇಕಷ್ಟೆ. ನಾನು ಕೇಳುತ್ತಿರುವುದು ಪ್ರವಾಸಿಗರನ್ನಲ್ಲ. ಇನ್ನೊಂದು ರೆಸಾರ್ಟ್, ಇನ್ನೊಂದು ವ್ಯೂ ಪಾಯಿಂಟ್ ನಮಗೆ ಬೇಡವೇ ಬೇಡ. ಕಾರು ನಿಲ್ಲಿಸಿ ಮಾತಾಡಿಸುವವರು ಬೇಕು.

ಚಿಂತಾಮಣಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಮ್ಮ ಹಿತಕಿದ ಬೇಳೆ ಸಾರು ಮಾಡಿ, ರಾಗಿಮುದ್ದೆ ಕಟ್ಟಿಟ್ಟು ಕಾದಿದ್ದರು. ಜನವರಿ ಅವರೆಕಾಯಿಯ ತಿಂಗಳು, ಮನೆತುಂಬಾ ಸೊನೆಯ ವಾಸನೆ. ಒಂದೊಂದೇ ಕಾಳು ಹಿತುಕಿ ಸಿಪ್ಪೆ ಬಿಡಿಸುವುದನ್ನು ನೋಡಿ ಗೆಳೆಯ, ‘ಇಷ್ಟು ಕಾಳಿಗೆ ಎಷ್ಟು ಹೊತ್ತಾತು ಅಮ್ಮಾ?’ ಎಂದ. ‘ರಾತ್ರಿ ಎಲ್ಲರೂ ಕೂತು ಮಾತಾಡ್ತಾ ಹಿತುಕಿದ್ವಿ ಕಣಪ್ಪ, ಹೊತ್ತು ಯಾರು ನೋಡ್ತಾರೆ’ ಎಂದರು ಅಮ್ಮ. ಅವನು ಎರಡು ಮುದ್ದೆ ಉಂಡ. ಕರಾವಳಿಯವನಾಗಿ ಅಗಿಯದೆ ನುಂಗಿದ ಎನ್ನುವುದನ್ನು ದಾಖಲಿಸುತ್ತೇನೆ.

ಊಟವಾದ ಮೇಲೆ ಜಗಲಿಯಲ್ಲಿ ಕೂತು ಅವನು ನಕಾಶೆ ತೆರೆದ. ಹೆದ್ದಾರಿ 69ರ ಗೆರೆ ಚಿಂತಾಮಣಿ ದಾಟಿ ಇನ್ನೂ ಮೂಡಣಕ್ಕೆ ಹೋಗುತ್ತಿತ್ತು. ಬೆರಳಿಟ್ಟು ಕೇಳಿದ, ‘ಮುಂದೆ ಶ್ರೀನಿವಾಸಪುರ, ಮುಳಬಾಗಿಲು, ನಂಗಲಿ. ಅಲ್ಲೆಲ್ಲ ಎಂತ ಇದ್ದು?’

‘ಏನಿಲ್ಲ ಬಿಡೋ, ಮಾವಿನ ತೋಪು’ ಎಂದೆ ನಾನು.